ಹುರಿದ ಕಲ್ಲಿನ ಅಕ್ಕೋರು

ನಮ್ಮ ಕಡೆ ಮನೆಗೆ ಬಂದವರ ಮುಂದೆ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಇಡುವುದು ಪದ್ಧತಿ. ಬಂದವರು ಬೆಲ್ಲ ಕಡಿದು, ನೀರು ಕುಡಿದು, ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡ ಮೇಲೆಯೇ ಮಾತು ಸುರುವಾಗಬೇಕು. ಅಕ್ಕೋರು ಬಂದಾಗ ಮಾತ್ರ ಈ ಪದ್ಧತಿ ಕೋರ್ಟಿನ ಕಟಕಟೆಯ ರೂಪ ತಾಳುತ್ತಿತ್ತು. ಅವರು ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿಯುವರು. ಕಣ್ಣು ಮುಚ್ಚುವರು. ಮನೆಯ ಯಜಮಾನ ಬಾಗಿಲಿಗೆ ಆತುಕೊಂಡು ನಿಲ್ಲುವನು, ಯಜಮಾನಿ ಅಡಿಗೆಮನೆಯಿಂದ ಇಣುಕುವಳು. ಆಮೇಲೆ ತೀರ್ಪು ಬರುವುದು.

ತೀರ್ಪುಗಳು ಮೂರು ಬಗೆ. 'ಛೀ' ಎಂದರೆ ಆ ನೀರನ್ನು ಎಮ್ಮೆಗೂ ಕುಡಿಸಬಾರದು. 'ಹೂಂ' ಎಂದರೆ ನೀವು ಬೇಕಾದರೆ ಕುಡಿಯಿರಿ, ನನಗೆ ನೀರಡಿಕೆ ಇಲ್ಲ. 'ಇರ್ಲಿ' ಎಂದರೆ ಸರ್ವೋತ್ತಮ. ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತೆದ್ದರೂ ಇದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಹಾನಗಲ್ಲಿನ ನಮ್ಮ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಮೇಡಂ ಎಂದು ಕರೆದರೆ ಅವರು ತಿರುಗಿ ನೋಡುತ್ತಿರಲಿಲ್ಲ. ಹಳ್ಳಿಯ ಶಾಲೆಯ ಮಕ್ಕಳು ಶಿಕ್ಷಕಿಯರನ್ನು ಕರೆಯುವಂತೆ ಎಲ್ಲರೂ 'ಅಕ್ಕೋರ' ಎನ್ನಬೇಕು, ಪ್ರಿನ್ಸಿಪಾಲರು ಸಹಿತ. ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆಯುತ್ತೇನೆಂದು ತಿಳಿಸಿದಾಗ, "ಹೆಸರ ಹಾಕಿದ್ರ ನಾ ಓದಂಗಿಲ್ಲ ನೋಡ್ರಿ" ಎಂದರು. ಇರುವ ಓದುಗರಲ್ಲಿ ಒಬ್ಬರನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ಅವರ ಮೂಗಿನ ಕೀರ್ತಿ ತಾಲೂಕು ದಾಟಿತ್ತು. ಒಮ್ಮೆ ಅವರ ಅಕ್ಕನ ಮಗನಿಗೆ ಹೆಣ್ಣು ನೋಡಲು ತಿಳವಳ್ಳಿಗೆ ಹೋಗಿದ್ದೆವು. ನನ್ನನ್ನು ಕರೆದೊಯ್ದದ್ದು ನನ್ನ ಹಿರಿತನಕ್ಕಲ್ಲ, ನನ್ನ ಹಳೆಯ ಕಾರಿಗೆ. ಹೆಣ್ಣಿನ ಮನೆಯವರು ನೀರು ತಂದಿಟ್ಟರು. ಅಕ್ಕೋರು ತಂಬಿಗೆ ಎತ್ತಿದರು, ಮೂಸಿದರು, ಕೆಳಗಿಟ್ಟರು.

"ಬಾವಿ ಬಗಲಾಗ ಗ್ವಾಂಜಾಳದ ಹೊಲ ಐತೇನ್ರಿ?"

"ಐತ್ರಿ," ಎಂದ ಹುಡುಗಿಯ ಅಪ್ಪ, ಗಂಡಿನ ಕಡೆಯವರು ಆಸ್ತಿ ವಿಚಾರಿಸುತ್ತಿದ್ದಾರೆಂದು ಖುಷಿಯಾಗಿ.

"ಕಳೇನಾಶಕ ಹೊಡದು ಡಬ್ಬಿ ಬಾವೀ ಕಟ್ಟಿ ಮ್ಯಾಲ ತೊಳದೀರಿ."

ಹೆಣ್ಣು ನೋಡಲು ಬಂದವರು ನೀರನ್ನು ನೋಡಿ ತಿರಸ್ಕರಿಸಿದ ಉದಾಹರಣೆ ಆ ಊರಿನ ಚರಿತ್ರೆಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಹುಡುಗಿಯ ದನಿ ಬಂತು: "ನಾ ಆವತ್ತ ಹೇಳೀನ್ರಿ ಅಪ್ಪಗ, ಅಲ್ಲಿ ತೊಳೀಬ್ಯಾಡಂತ. ನನ್ನ ಮಾತು ಯಾರು ಕೇಳ್ತಾರ?"

ಅಕ್ಕೋರು ಎದ್ದು ನಿಂತರು. "ಹುಡುಗಿ ಇರ್ಲಿ. ಬಾವಿ ಬ್ಯಾಡ" ಎಂದರು. ಮದುವೆ ಆಯಿತು. ಆ ಸೊಸೆ ಈಗ ಹಿರೇಕೆರೂರಿನ ಮನೆಯಲ್ಲಿ ಅಕ್ಕೋರ ಅಕ್ಕನಿಗೇ ನೀರು ಮೂಸುವುದನ್ನು ಕಲಿಸಿದ್ದಾಳೆಂದು ವರದಿಯಿದೆ.

ನೋಡಲು ಅವರು ಸಾಧಾರಣ ಎತ್ತರದ, ಗಟ್ಟಿ ನಡಿಗೆಯ ಹೆಂಗಸು. ಕಾಟನ್ ಸೀರೆಯ ಸೆರಗಿನಲ್ಲಿ ಆಸಿಡ್ ಸಿಡಿದ ತೂತುಗಳು, ನಕ್ಷತ್ರಗಳ ಹಾಗೆ. ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಚೀಲದಲ್ಲಿ ಬಿರಡೆ ಹಾಕಿದ ಗಾಜಿನ ಬಾಟಲಿ ಯಾವಾಗಲೂ ಒಂದು, ಎಲ್ಲಿ ಯಾವ ನೀರು ಸಿಕ್ಕೀತೋ ಎಂದು. "ಸರ, ನಿಮ್ಮ ಹಳಗನ್ನಡಾನೂ ನಮ್ಮ ಕೆಮಿಸ್ಟ್ರೀನೂ ಒಂದ," ಎಂದು ನನಗೆ ಹೇಳುತ್ತಿದ್ದರು, "ಹುಡುಗರಿಗೆ ಎರಡೂ ತಿಳಿಯಂಗಿಲ್ಲ. ಆದ್ರ ನಿಮ್ಮದರಾಗ ಅರಿವಿ ಸುಡಂಗಿಲ್ಲ, ಅಷ್ಟ."

ಅವರನ್ನು ಪೂರ್ತಿ ಅರಿಯಬೇಕಾದರೆ ಸವಣೂರಿಗೆ ಹೋಗಬೇಕು.

ಸವಣೂರಿನ ಹೊರಗೆ, ವೀಳ್ಯದೆಲೆಯ ತೋಟಗಳು ಸುರುವಾಗುವ ಕಡೆ, ಒಂದು ಮೋಟುಗೋಡೆಯ ಈಚೆ ಮೌಲಾಲಿಯ ತಗಡಿನ ಶೆಡ್ಡು, ಆಚೆ ಗುರುಶಾಂತಪ್ಪನ ಎಲೆಬಳ್ಳಿಯ ತೋಟ. ಮೌಲಾಲಿಯದು ನೂಲಿಗೆ ಬಣ್ಣ ಹಾಕುವ ಕೆಲಸ. ಅವನ ಮನೆಮಂದಿಯಲ್ಲದೆ ಓಣಿಯ ಹೆಣ್ಣುಮಕ್ಕಳೂ ಆ ಬಣ್ಣದ ಹಂಡೆಗಳ ಮೇಲೆಯೇ ಬದುಕುತ್ತಿದ್ದರು. ಇಬ್ಬರೂ ಬಾಲ್ಯದ ಗೆಳೆಯರು, ಇಬ್ಬರೂ ಬಸ್ಸು ಹತ್ತಿ ನಮ್ಮ ಕಾಲೇಜಿಗೆ ಬಂದವರು, ಇಬ್ಬರೂ ಕೆಮಿಸ್ಟ್ರಿಯಲ್ಲಿ ಫೇಲಾದವರು. ಅಕ್ಕೋರು ಫೇಲು ಮಾಡಿದ ಹುಡುಗರನ್ನು ಎಂದೂ ಮರೆಯುತ್ತಿರಲಿಲ್ಲ. ಪಾಸಾದವರು ಹೇಗೂ ತಮ್ಮ ಕೈಬಿಟ್ಟು ಹೋದರು ಎನ್ನುವುದು ಅವರ ಲೆಕ್ಕ.

ಈ ಗೆಳೆತನಕ್ಕೆ ಒಂದು ವಿಧಿ ಇತ್ತು. ದಿನಾ ಬೆಳಿಗ್ಗೆ ಗುರುಶಾಂತಪ್ಪ ಎಲೆ ಕೊಯ್ದ ಮೇಲೆ ಒಂದು ಹಿಡಿ ಎಲೆಯನ್ನು ಗೋಡೆಯ ಮೇಲಿನಿಂದ ಚಾಚುವನು. ಮೌಲಾಲಿ ಈಚೆಯಿಂದ ತೆಗೆದುಕೊಳ್ಳುವನು. ಮಾತಿಲ್ಲ, ಶುಕ್ರಿಯಾ ಇಲ್ಲ. ಅಪ್ಪಂದಿರ ಕಾಲದಿಂದ ನಡೆದು ಬಂದದ್ದು.

ಒಂದು ಬೇಸಿಗೆಯಲ್ಲಿ ಆ ಕೈ ಗೋಡೆ ದಾಟಲಿಲ್ಲ. ಶೆಡ್ಡಿನ ಬಣ್ಣದ ನೀರು ಹರಿಯುವ ಕಾಲುವೆ ಸೋರಿ ಸೋರಿ ತೋಟದ ಬಾವಿಗೆ ಇಳಿದಿತ್ತು. ಬಾವಿಯ ನೀರು ತೆಳ್ಳಗೆ ಗುಲಾಬಿಯಾಯಿತು. ಗೋಡೆಯ ಪಕ್ಕದ ಬಳ್ಳಿಗಳ ಎಲೆ ಅಂಚಿನಿಂದ ಹಳದಿಯಾಗಿ ಮುರುಟಿದವು. ಮೌಲಾಲಿ ಹಾನಗಲ್ಲಿಗೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಬಾಯಿ ಕೆಂಪಾಗಿರಲಿಲ್ಲ. ಅದನ್ನು ನೋಡಿಯೇ ಅಕ್ಕೋರಿಗೆ ವಿಷಯ ಗಂಭೀರವಾದದ್ದೆಂದು ತಿಳಿಯಿತು.

"ಅಂಗಡಿ ಎಲಿ ಗಂಟಲದಾಗ ಇಳಿಯಂಗಿಲ್ರಿ ಅಕ್ಕೋರ," ಎಂದ. "ಅವ ಪೊಲ್ಯೂಷನ್ ಆಫೀಸಿಗೆ ಅರ್ಜಿ ಕೊಡ್ತಾನಂತ. ಕೊಟ್ರ ಆಫೀಸಿನವರು ಬಂದು ಶೆಡ್ಡಿಗೆ ಕೀಲಿ ಹಾಕ್ತಾರ. ಹಾಕ್ಲಿ ಬಿಡ್ರಿ. ಆದ್ರ ಅವ ಕೊಟ್ಟಾಂತ ಆದ್ರ..."

ಮರುದಿನ ನನ್ನ ಕಾರು ಸವಣೂರಿನ ದಾರಿ ಹಿಡಿಯಿತು. ಗುರುಶಾಂತಪ್ಪ ತೋಟದ ಬಾಯಿಯಲ್ಲೇ ನಿಂತಿದ್ದ. ಅಕ್ಕೋರಿಗೆ ಕೈಮುಗಿದ, ಆಮೇಲೆ ನಿಷ್ಠುರವಾಗಿ ಹೇಳಿದ: "ಮಹಾನವಮಿ ತನಕ ತಡೀತೇನ್ರಿ. ಆಮ್ಯಾಲ ಅರ್ಜಿ ಕೊಡಾಂವ ಕೊಡಾಂವನ. ಅವ ನನ್ನ ಗೆಳ್ಯಾ ಖರೇ. ಆದ್ರ ಬಳ್ಳಿಗೆ ಗೆಳೆತನ ತಿಳೀತೈತೇನ್ರಿ?"

"ತಿಳಿಯಂಗಿಲ್ಲ," ಎಂದರು ಅಕ್ಕೋರು. "ನೀ ಹೇಳೂದು ಬರೋಬ್ಬರಿ ಐತಿ." ಬಾವಿಯ ನೀರು ಸೇದಿಸಿ ಮೂಸಿದರು. "ಛೀ" ಎಂದರು. ಆ ತೀರ್ಪನ್ನು ನಾನು ಕಿವಿಯಾರೆ ಕೇಳಿದ್ದು ಅದೇ ಮೊದಲು.

ಹೀಗೆ ಓಜೋನ್ ಪುರಾಣ ಆರಂಭವಾಯಿತು. ಓಜೋನ್ ಎಂದರೆ ನನಗೆ ಆಗ ಗೊತ್ತಿದ್ದುದು ಇಷ್ಟೇ: ಅದು ಆಕಾಶದಲ್ಲಿ ಇರುತ್ತದೆ, ಅದಕ್ಕೆ ತೂತು ಬಿದ್ದಿದೆ. ಅಷ್ಟು ದೂರದಲ್ಲಿ ಇರಬೇಕಾದ ವಸ್ತುವನ್ನು ಅಕ್ಕೋರು ಅಕ್ಕಿಆಲೂರಿನ ರೈಸ್ ಮಿಲ್ಲಿನ ಗೋದಾಮಿನಲ್ಲಿ ಪತ್ತೆ ಮಾಡಿದರು. ಬಾಟಲಿ ನೀರಿನ ಧಂದೆ ಮಾಡಲು ಹೋಗಿ ಬಿಟ್ಟವರೊಬ್ಬರು ಓಜೋನ್ ತಯಾರಿಸುವ ಪೆಟ್ಟಿಗೆಯನ್ನು ಅಲ್ಲಿ ಎಸೆದು ಹೋಗಿದ್ದರು. ಅದನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ, ಅಳಿಯನನ್ನು ಕರೆತರುವಂತೆ, ನಡುವೆ ಕೂರಿಸಿಕೊಂಡು ತಂದೆವು. ಕರೆಂಟು ಕೊಟ್ಟರೆ ಒಳಗೆ ನೀಲಿ ಬೆಳಕು ಮಿಣುಕುತ್ತಿತ್ತು, ಜುಂಯ್ ಎಂದು ದನಿ, ಸಿಡಿಲು ಹೊಡೆದ ಮೇಲೆ ಬರುವ ಒಂದು ಬಗೆಯ ಚುರುಕು ವಾಸನೆ.

"ಇದರಾಗ ಏನು ಆಗ್ತೈತ್ರಿ?" ಎಂದು ಕೇಳಿದೆ.

"ನಮ್ಮ ಹಾನಗಲ್ಲ ಹಿರೇಕೆರೂರ ಬಸ್ಸಿನಾಗ ಇಬ್ಬರ ಸೀಟಿನ ಮ್ಯಾಲ ಮೂರನೇದಾಂವ ತುದಿಗೆ ಕುಂತಿರ್ತಾನಲ್ರಿ, ಅರ್ಧ ಕುಂಡಿ ಹೊರಗ ಹಾಕಿ?"

"ಕುಂತಿರ್ತಾನ್ರಿ. ಭಾಳ ಸಲ ನಾನ."

"ಗಾಳಿಯೊಳಗಿನ ಆಕ್ಸಿಜನ್ ಅಂದ್ರ ಇಬ್ಬರು, ಆರಾಮ ಕುಂತಿರ್ತಾರ. ಓಜೋನ್ ಅಂದ್ರ ಮೂವರು. ಆ ಮೂರನೇದಾಂವಗ ಸಮಾಧಾನಿಲ್ಲ, ಯಾರು ಹತ್ರ ಬಂದರೂ ಅವರ ಮ್ಯಾಲ ಬೀಳ್ತಾನ. ಬಣ್ಣದ ಮ್ಯಾಲ ಬಿದ್ದ, ಬಣ್ಣ ಮುರೀತು. ಅಷ್ಟ."

ಮೊದಲ ದಿನ ಬಿದ್ದದ್ದೇ ಬಿದ್ದದ್ದು. ಒಂದು ಪಿಪಾಯಿ ಗುಲಾಬಿ ನೀರಿಗೆ ಕೊಳವೆ ಇಳಿಸಿ ಓಜೋನ್ ಬಿಟ್ಟರು. ನಾವು ಒಂದು ಚಹಾ ಕುಡಿಯುವಷ್ಟರಲ್ಲಿ ನೀರು ತೆಳುವಾಯಿತು, ಎರಡನೆಯ ಚಹಾದ ಹೊತ್ತಿಗೆ ಮಳೆಯ ನೀರಿನ ಹಾಗೆ ಸ್ವಚ್ಛ. ಮೌಲಾಲಿ ಓಡಿಹೋಗಿ, ಕರಿದ ಸೇವು ಶೇಂಗಾ ಬೆರೆಸಿದ ಸವಣೂರ ಖಾರ ಕಟ್ಟಿಸಿಕೊಂಡು ಬಂದು ಕಂಡಕಂಡವರಿಗೆ ಹಂಚಿದ. ಗುರುಶಾಂತಪ್ಪನೂ ಒಂದು ಮುಕ್ಕು ಬಾಯಿಗೆ ಹಾಕಿಕೊಂಡ. ಅಕ್ಕೋರು ಮಾತ್ರ ಖಾರ ಮುಟ್ಟಲಿಲ್ಲ. ನೀರು ಮೂಸಿದರು. ಏನೂ ಅನ್ನಲಿಲ್ಲ. ಅದು 'ಛೀ'ಗಿಂತ ಕೆಟ್ಟದ್ದು.

"ಬಣ್ಣ ಹೋತಲ್ರಿ ಅಕ್ಕೋರ!" ಎಂದ ಮೌಲಾಲಿ.

"ಬಣ್ಣ ಹೋತು. ಗಾಜಿನ ಬಳಿ ಒಡದ್ರ ಕೈಯಾಗ ಬಳಿ ಇರಂಗಿಲ್ಲ. ಚೂರು ಎಲ್ಲಿ ಹೋದುವು? ಬರಿಗಾಲಿಲೆ ನೆಲ ತುಳದು ನೋಡು."

ಅವರು ಮೂರು ಬಟ್ಟಲಲ್ಲಿ ಹೆಸರುಕಾಳು ಹಾಕಿಸಿದರು. ಒಂದಕ್ಕೆ ಒಳ್ಳೆಯ ನೀರು, ಒಂದಕ್ಕೆ ಬಣ್ಣದ ನೀರು, ಒಂದಕ್ಕೆ ಈ ಸ್ವಚ್ಛ ನೀರು. ಕಾಳು ಮೊಳೆತಾಗ ನೋಡಿದರೆ ಸ್ವಚ್ಛ ನೀರಿನ ಮೊಳಕೆಗಳು ತುದಿ ಕಂದಿ, ಸೊಟ್ಟಗೆ ಮುದುಡಿದ್ದವು. ಬಣ್ಣದ ನೀರಿನವು ಅದಕ್ಕಿಂತ ತುಸು ವಾಸಿ.

ಗುರುಶಾಂತಪ್ಪ ಬಟ್ಟಲುಗಳನ್ನು ಬಹಳ ಹೊತ್ತು ನೋಡಿದ. "ಅಂದ್ರ ಮೊದಲಿನ ವೈರಿ ಕಣ್ಣಿಗೆ ಕಾಣ್ತಿದ್ದ. ಈಗಿನಾಂವ ಕಾಣಂಗಿಲ್ಲ" ಎಂದ. ಕೆಮಿಸ್ಟ್ರಿಯಲ್ಲಿ ಫೇಲಾದವನ ಬಾಯಲ್ಲಿ ಇಷ್ಟು ಒಳ್ಳೆಯ ಉತ್ತರ ಕೇಳಿ ಅಕ್ಕೋರಿಗೆ ಹಳೆಯ ಮಾರ್ಕುಗಳ ಬಗ್ಗೆ ಅನುಮಾನ ಬಂದಿರಬೇಕು. ತೋರಿಸಿಕೊಳ್ಳಲಿಲ್ಲ.

ಆಮೇಲೆ ಬಂದವು ಕಲ್ಲುಗಳು. ಒಡೆದ ಚೂರುಗಳನ್ನು ಮತ್ತೂ ಒಡೆದು ಹಾಕಬೇಕಾದರೆ ಓಜೋನಿನ ಜೊತೆಗೆ ಖನಿಜದ ಪುಷ್ಟಿ ಬೇಕಂತೆ. ಹಾನಗಲ್ಲಿನ ಆಚೆ ಒಂದು ಹಳೆಯ ಮನೆ ಕೆಡವಿದ್ದರು. ಅದರ ಜಂಬಿಟ್ಟಿಗೆ ಕಲ್ಲನ್ನು ಅಕ್ಕೋರು ಅಡಿಕೆಯ ಗಾತ್ರಕ್ಕೆ ಒಡೆಸಿದರು. ಬಾವಿಗೆ ಹಾಕುತ್ತಾರಲ್ಲ ಆ ನೇರಳೆ ಬಣ್ಣದ ಹರಳು, ಅದನ್ನು ಕರಗಿಸಿದ ನೀರಿನಲ್ಲಿ ನೆನೆಹಾಕಿದರು. ಕಲ್ಲಿನ ಮೇಲೆ ಕಪ್ಪು ಮ್ಯಾಂಗನೀಸಿನ ಪದರು ಕೂತಿತು. ಇನ್ನು ಅದನ್ನು ಹುರಿಯಬೇಕು. ಕಾಲೇಜಿನ ಲ್ಯಾಬಿನಲ್ಲಿ ಇದ್ದ ಒಲೆಯಲ್ಲಿ ಒಂದು ಹಿಡಿ ಕಲ್ಲೂ ಹಿಡಿಸುತ್ತಿರಲಿಲ್ಲ. ಸವಣೂರಿನಲ್ಲಿ ದೊಡ್ಡ ಉರಿ ಇರುವುದು ಎಲ್ಲಿ? ಖಾರದ ಭಟ್ಟಿಯಲ್ಲಿ.

ಮಧ್ಯಾಹ್ನ ಖಾರ ಕರಿದು ಮುಗಿದ ಮೇಲೆ ಭಟ್ಟಿಯವನು ಜಾಗ ಬಿಟ್ಟುಕೊಟ್ಟ. ಅಕ್ಕೋರು ತಮ್ಮದೇ ಹಳೆಯ ಬುಟ್ಟಿಯಂಥ ಕಡಾಯಿ ತಂದಿದ್ದರು. ಅದರಲ್ಲಿ ಕಲ್ಲು ಸುರಿದು ದೊಡ್ಡ ಸಟ್ಟುಗದಿಂದ ಕೈಯಾಡಿಸತೊಡಗಿದರು. ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲು ಹುರಿಯುವ ದೃಶ್ಯಕ್ಕೆ ಅರ್ಧ ಸವಣೂರು ನೆರೆಯಿತು.

"ಅಕ್ಕೋರ, ಉಪ್ಪು ಖಾರ ಹಚ್ಚಬೇಕೇನ್ರಿ?" ಎಂದು ಭಟ್ಟಿಯವನು ಕೇಳಿದ.

"ಬ್ಯಾಡಪ್ಪಾ. ಇದನ್ನ ತಿನ್ನಾವ್ರು ಇನ್ನೂ ಬಂದಿಲ್ಲ."

ಹುರಿದು ಮುಗಿದ ಮೇಲೆ ಅವರು ಮೊಳೆ, ಸುತ್ತಿಗೆ ಕೇಳಿ ಪಡೆದು ಆ ಕಡಾಯಿಯ ತಳಕ್ಕೆ ಒಂದು ತೂತು ಹೊಡೆದರು. ಒಳ್ಳೆಯ ಕಡಾಯಿ. ಭಟ್ಟಿಯವನು ಅಯ್ಯೋ ಎಂದ. "ನಾಳೆ ಯಾರರೆ ಇದರಾಗ ಭಜಿ ಕರೀತಾರಪ್ಪಾ. ಕರೀಬಾರ್ದು" ಎಂದರು. ನನಗೆ ಅಕ್ಕೋರು ನೆನಪಾದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಆ ತೂತು.

ಕಲ್ಲುಗಳನ್ನು ಒಂದು ಉದ್ದ ಕೊಳವೆಗೆ ತುಂಬಿ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದರು. ಕೆಳಗಿನಿಂದ ಓಜೋನ್, ಮೇಲಿನಿಂದ ನೀರು. "ಕಲ್ಲು ಏನು ಮಾಡ್ತೈತ್ರಿ?" ಎಂದು ಮತ್ತೆ ಕೇಳಿದೆ.

"ಊರಾಗ ಇಬ್ಬರಿಗೆ ಜಗಳಾ ಹಚ್ಚಿ, ತಾ ಮಾತ್ರ ಕಟ್ಟಿ ಮ್ಯಾಲ ಕುಂತು ನೋಡಾಂವ ಒಬ್ಬ ಇರ್ತಾನಲ್ರಿ? ಅಂಗಿ ಸೈತ ಹರಿಯಂಗಿಲ್ಲ ಅವಂದು. ಅವನ ಈ ಕಲ್ಲು."

ಹೆಸರುಕಾಳು ಈ ಸಲ ನೆಟ್ಟಗೆ ಮೊಳೆಯಿತು. ಅಕ್ಕೋರು ಕೊಳವೆಯ ಬಾಯಿ ಮೂಸಿದರು. ಒಳಗೆ ಬಿಟ್ಟ ಓಜೋನಿನ ಚುರುಕು ವಾಸನೆ ಹೊರಗೆ ಬರುತ್ತಿರಲಿಲ್ಲ, ಕಲ್ಲಿನ ನಡುವೆಯೇ ಎಲ್ಲ ಖರ್ಚಾಗುತ್ತಿತ್ತು. "ಹೂಂ" ಎಂದರು, ತುಸು ಎಳೆದು. ಬನ್ನಿಯ ದಿನ, ಅಂದರೆ ವಿಜಯದಶಮಿಯ ಬೆಳಿಗ್ಗೆ, ಗುರುಶಾಂತಪ್ಪನ ಎದುರಿಗೆ ಕೊನೆಯ ಪರೀಕ್ಷೆ ಎಂದು ನಿಶ್ಚಯವಾಯಿತು. ಪಾಸಾದರೆ ಆ ನೀರು ತೋಟದ ಒಂದು ಸಾಲಿಗೆ ಹೋಗುವುದು. ಫೇಲಾದರೆ ಅರ್ಜಿ ಆಫೀಸಿಗೆ ಹೋಗುವುದು.

ಬನ್ನಿಯ ಹಿಂದಿನ ದಿನ ಮಹಾನವಮಿ. ಅಂದು ಖಂಡೇ ಪೂಜೆ: ಕುಡಗೋಲಿನಿಂದ ಹಿಡಿದು ಬಸ್ಸಿನ ತನಕ ದುಡಿಯುವ ಸಾಮಾನೆಲ್ಲ ತೊಳೆದು ಪೂಜೆ ಮಾಡುವ ದಿನ. ಮೌಲಾಲಿಯ ಶೆಡ್ಡಿಗೆ ಆ ಪೂಜೆ ಮಾಡುವುದು ಗುರುಶಾಂತಪ್ಪನ ಹೆಂಡತಿ ನೀಲವ್ವ. ಅವಳ ಅತ್ತೆ ಮಾಡುತ್ತಿದ್ದಳು, ಆದ್ದರಿಂದ ಇವಳು ಮಾಡುತ್ತಾಳೆ. ಆ ವರ್ಷ ಗಂಡ, "ಈ ಸಲ ಹೋಗ್ತಿಯೇನು?" ಎಂದು ಕೇಳಿದ್ದನಂತೆ. "ಜಗಳಾ ನಿಮ್ಮಿಬ್ಬರದು. ಹಂಡೇದು ಏನು ತಪ್ಪೈತಿ?" ಎಂದು ಹೇಳಿ ಹೂವಿನ ಬುಟ್ಟಿ ಎತ್ತಿಕೊಂಡು ಬಂದಳು.

ಬನ್ನಿಯ ದಿನ ನಾವು ಹೋದಾಗ ಶೆಡ್ಡು ಚೆಂಡುಹೂವಿನಲ್ಲಿ ಮುಳುಗಿತ್ತು. ಓಜೋನ್ ಪೆಟ್ಟಿಗೆಗೂ ಒಂದು ಹಾರ. ಮೌಲಾಲಿ ಹೊಸ ಅಂಗಿ ತೊಟ್ಟಿದ್ದ. ಗುರುಶಾಂತಪ್ಪ ಗೋಡೆ ದಾಟಿ ಬಂದು ಎದೆಗೆ ಕೈಕಟ್ಟಿ ನಿಂತ. ಪೆಟ್ಟಿಗೆ ಜುಂಯ್ ಎಂದಿತು, ನೀರು ಇಳಿಯಿತು, ತಿಳಿಯಾಗಿ ಹೊರಗೆ ಬಂತು. ಮೌಲಾಲಿಯ ಮುಖದಲ್ಲಿ ನಗು ಮೂಡತೊಡಗಿತು. ಅಕ್ಕೋರು ಕೊಳವೆಯ ಬಾಯಿಗೆ ಬಗ್ಗಿದವರು ಅಲ್ಲಿಯೇ ನಿಂತರು.

"ಓಜೋನ್ ಹಂಗ ಹೊಳ್ಳಿ ಬರಾಕತ್ತೈತಿ," ಎಂದರು. "ಕಲ್ಲು ಏನೂ ಮಾಡಾಕತ್ತಿಲ್ಲ."

ಪೆಟ್ಟಿಗೆ ನಿಲ್ಲಿಸಿ ಮುಚ್ಚಳ ಬಿಚ್ಚಿದರು. ಒಳಗೆ ಕಲ್ಲುಗಳು ಕೆಂಪಗೆ, ಮದುವಣಗಿತ್ತಿಯರ ಹಾಗೆ, ಫಳಫಳ ಹೊಳೆಯುತ್ತಿದ್ದವು. ಕಪ್ಪು ಪದರಿನ ಸುಳಿವಿಲ್ಲ. ಮೇಲಿನ ಸಾಲಿನ ಕಲ್ಲುಗಳಿಗೆ ವಿಭೂತಿ, ಕುಂಕುಮ.

ನೀಲವ್ವ ಸಂಕೋಚದಿಂದ ಮುಂದೆ ಬಂದಳು. "ಎಷ್ಟ ಮಸಿ ಹಿಡದಿತ್ರಿ ಅಕ್ಕೋರ! ನಿಮಗ ಕಾಲೇಜದಾಗ ತಿಕ್ಕಾಕ ಯ್ಯಾಳ್ಯಾ ಎಲ್ಲಿ ಸಿಗ್ತೈತಂತ ಹುಣಸಿಹಣ್ಣು ಹಚ್ಚಿ ಸ್ವಚ್ಛ ಮಾಡಿಟ್ಟೇನಿ."

ಮಹಾಕಾವ್ಯಗಳನ್ನು ಪಾಠ ಮಾಡಿದವನು ನಾನು, ಯುದ್ಧಭೂಮಿಯ ಮೌನವನ್ನು ಎಷ್ಟೋ ಸಲ ಹುಡುಗರಿಗೆ ವರ್ಣಿಸಿದ್ದೇನೆ. ಆ ಶೆಡ್ಡಿನಲ್ಲಿ ಆದ ಮೌನದ ಮುಂದೆ ಅದು ಸಂತೆಯ ಗದ್ದಲ. ಮೌಲಾಲಿ ಒಂದು ಬೋರಲು ಹಂಡೆಯ ಮೇಲೆ ಮೆಲ್ಲಗೆ ಕೂತ. ಗುರುಶಾಂತಪ್ಪ ಹೆಂಡತಿಯನ್ನು ನೋಡಿದ. ನೀಲವ್ವ ಎಲ್ಲರ ಮುಖ ನೋಡಿದಳು, ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟಳು.

ಅಕ್ಕೋರು ಆಗ ಮಾಡಿದ್ದನ್ನು ಹೇಳಲೆಂದೇ ಇಷ್ಟು ಬರೆದದ್ದು. ಅವರು ನೆಲದ ಮೇಲೆ ಕೂತರು, ನೀಲವ್ವನ ಕೈಹಿಡಿದು ಬಗಲಲ್ಲಿ ಕೂರಿಸಿಕೊಂಡರು, ಕನ್ನಡಕ ಏರಿಸಿ ಒಂದು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಾವ ಹುಡುಗನ ಉತ್ತರ ಪತ್ರಿಕೆಯನ್ನೂ ಅಷ್ಟು ಆಸೆಯಿಂದ ಅವರು ನೋಡಿರಲಿಕ್ಕಿಲ್ಲ.

"ಭಾಳ ತಿಕ್ಕಬೇಕಾತೇನವ್ವಾ?"

"ಇಲ್ರಿ..." ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹುಣಸಿ ನೀರಾಗ ಹಾಕೂದ ತಡಾ, ತಾನ ಬಿಡಾಕತ್ತು."

"ತಾನ ಬಿಡಾಕತ್ತು," ಎಂದು ಅಕ್ಕೋರು ಮೆಲ್ಲಗೆ ಪುನರುಚ್ಚರಿಸಿದರು. ಆಮೇಲೆ ಮೌಲಾಲಿಯ ಕಡೆ ತಿರುಗಿದರು. "ನಿನ್ನ ಬಣ್ಣದ ನೀರು ಒಮ್ಮೊಮ್ಮಿ ಹುಳಿ ಇರ್ತೈತಲ್ಲೋ?"

"ಇರ್ತೈತ್ರಿ. ಬಣ್ಣ ಹಿಡೀಲಂತ ಹುಳಿ ಹಾಕ್ತೇವ್ರಿ."

"ಹುಣಸಿಗೆ ಬಿಟ್ಟದ್ದು ಅದಕ್ಕೂ ಬಿಡ್ತಿತ್ತು. ಒಂದು ತಿಂಗಳಕ್ಕೋ ಎರಡು ತಿಂಗಳಕ್ಕೋ ಕರೇ ಪದರೆಲ್ಲಾ ಕರಗಿ ಸೀದಾ ತ್ವಾಟಕ್ಕ ಹೋಗ್ತಿತ್ತು. ನಾ ಹುರದದ್ದು ಸಾಲದು." ನೀಲವ್ವನ ಬೆನ್ನು ತಟ್ಟಿದರು. "ಅಳಬ್ಯಾಡ. ನನ್ನ ತಪ್ಪು ನೀ ಹಿಡದಿ. ನಮ್ಮ ಕಾಲೇಜದಾಗ ಯಾರೂ ಹಿಡದಿರಲಿಲ್ಲ."

ಕಾಲೇಜಿನ ಪ್ರತಿನಿಧಿಯಾಗಿ ನಾನು ತಲೆ ತಗ್ಗಿಸಿದೆ.

ಉಳಿದದ್ದು ಗುರುಶಾಂತಪ್ಪನ ಧರ್ಮಸಂಕಟ. ಗಡುವು ಮುಗಿದಿತ್ತು, ಪರೀಕ್ಷೆ ಫೇಲಾಗಿತ್ತು. ಅವನು ತಲೆ ಕೆರೆದುಕೊಂಡ. "ನಮ್ಮ ಮನ್ಯಾಕಿ ತೊಳದದ್ದಕ್ಕ ಇವನ ಮ್ಯಾಲ ಹ್ಯಾಂಗ ಅರ್ಜಿ ಕೊಡಲ್ರಿ?"

"ಕೊಡಲೇ, ಕೊಡು," ಎಂದ ಮೌಲಾಲಿ ಹಂಡೆಯ ಮೇಲಿನಿಂದ. "ನೀಲವ್ವ ವೈನೀ ಹೆಸರೂ ಬರಿ. ಇಬ್ಬರೂ ಕೂಡೇ ಹೋಗಿ ಕುಂದರ್ತೇವಿ ಆಫೀಸಿನಾಗ."

ಗುರುಶಾಂತಪ್ಪ ನಗಬಾರದೆಂದು ಬಹಳ ಪ್ರಯತ್ನಪಟ್ಟ. ಕಿಸೆಯಿಂದ ಬನ್ನಿಯ ಎಲೆ ತೆಗೆದು ಗೆಳೆಯನ ಕೈಗೆ ಹಾಕಿದ. "ಬಂಗಾರ ತಗೋ, ಬಂಗಾರದಂಗ ಇರೂಣು." ಮೌಲಾಲಿ ತಗೊಂಡ. ಆದರೂ ಅವನ ಕಣ್ಣು ಗೆಳೆಯನ ಇನ್ನೊಂದು ಕೈಯ ಮೇಲಿತ್ತು. ಗುರುಶಾಂತಪ್ಪನಿಗೆ ತಿಳಿಯಿತು. "ಬನ್ನಿ ಹಬ್ಬದ್ದು, ಕೊಟ್ಟೆ. ಎಲಿ ತ್ವಾಟದ್ದು. ಅದನ್ನ ಬಳ್ಳಿ ಹೇಳಬೇಕು."

"ನ್ಯಾಯ ಐತಿ," ಎಂದರು ಅಕ್ಕೋರು.

ಮತ್ತೆ ಭಟ್ಟಿ, ಮತ್ತೊಂದು ಕಡಾಯಿ, ಮೊದಲಿಗಿಂತ ಎಷ್ಟೋ ಹೆಚ್ಚಿನ ಉರಿ. ಮತ್ತೆ ಕೊನೆಗೆ ಒಂದು ತೂತು. ಈ ಸಲ ಒಂದೊಂದು ಸರದಿಗೆ ಹುರಿದ ಪ್ರತಿ ಒಬ್ಬೆಯ ಕಲ್ಲೂ ನೀಲವ್ವನ ಹುಣಸೆ ನೀರಿನ ಮುಂದೆ ಹಾಜರಾಗಬೇಕಿತ್ತು. ಅವಳು ಬಟ್ಟಲು ಅಲ್ಲಾಡಿಸಿ, "ಬಿಟ್ಟೈತ್ರಿ" ಎಂದರೆ ಒಬ್ಬೆ ವಾಪಸ್ಸು. "ಹಿಡಕೊಂಡೈತ್ರಿ" ಎಂದರೆ ಕೊಳವೆಗೆ. ಹುಣಸೆಯ ಮುಂದೆ ಪೂರ್ತಿ ತಡೆಯುವ ಕಲ್ಲು ಇಲ್ಲವೆಂದು ಅಕ್ಕೋರೇ ಒಪ್ಪಿದರು. ಅದಕ್ಕೆ ಮೌಲಾಲಿಯ ನೀರಿನ ಹುಳಿಯನ್ನೂ ಮೊದಲೇ ಸುಣ್ಣ ಹಾಕಿ ಸಾಯಿಸುವಂತೆ ಮಾಡಿದರು. "ಎಲಿ ಬಂದ್ ಆದ ಮ್ಯಾಲ ಮನ್ಯಾಗಿನ ಸುಣ್ಣ ಹಂಗ ಕುಂತಿತ್ರಿ," ಎಂದ ಮೌಲಾಲಿ, "ಈಗರೆ ಕೆಲಸಕ್ಕ ಬಂತು." ಸೋರುವ ಕಾಲುವೆಗೆ ಸಿಮೆಂಟು ಬಿತ್ತು, ಕೊಳವೆಯ ಮುಚ್ಚಳಕ್ಕೆ ಬೀಗ ಬಿತ್ತು, ಕೀಲಿ ಅಕ್ಕೋರ ಚೀಲ ಸೇರಿತು. ಬಣ್ಣವನ್ನು ಅಳೆದು ಹಾಕುವುದನ್ನೂ ಕಲಿಸಿದರು. "ಹೊಲಸು ಮಾಡಿ ತೊಳಿಯೂದಕ್ಕಿಂತ ಕಡಿಮಿ ಹೊಲಸು ಮಾಡೂದು ಸಲೀಸು" ಎಂದು ಅವನ ತಲೆಯ ಮೇಲೆ ಮೊಟಕಿದರು. ಅವನಿಗೆ ಆಗಲೇ ತಲೆ ನರೆತಿತ್ತು.

ಹೆಸರುಕಾಳು ಪಾಸಾದ ಮೇಲೆ ನೀರು ಗೋಡೆಯ ಪಕ್ಕದ ಒಂದು ಸಾಲಿಗೆ ಮಾತ್ರ ಹೋಯಿತು. ಬಳ್ಳಿ ತನ್ನ ಅಭಿಪ್ರಾಯ ತಿಳಿಸಲು ಅವಸರ ಮಾಡಲಿಲ್ಲ. ಚಳಿ ಬಂತು, ಹೋಯಿತು. ಮುರುಟಿದ ಎಲೆ ಉದುರಿದವು, ಹೊಸ ಕುಡಿ ಬಂತು, ಕುಡಿ ಎಲೆಯಾಯಿತು.

ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ಅಕ್ಕೋರ ಫೋನು ರಿಂಗಾಯಿತು. ನಾನು ಅಲ್ಲೇ ಇದ್ದೆ. ಮೌಲಾಲಿ ಎಷ್ಟು ಜೋರಾಗಿ ಮಾತಾಡಿದನೆಂದರೆ ಫೋನು ಬೇಕಿರಲಿಲ್ಲ.

"ಅಕ್ಕೋರ! ಗ್ವಾಡಿ ಮ್ಯಾಲಿಂದ ಎಲಿ ಬಂತ್ರಿ!"

"ಏನಂದ ಅವ?"

"ಏನೂ ಅನ್ನಲಿಲ್ರಿ. ಕೈ ಅಷ್ಟ ಬಂತು."

ಅಕ್ಕೋರು ಕಿಟಕಿಯ ಕಡೆ ತಿರುಗಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ತೂತಿಲ್ಲದ ಜಾಗ ಹುಡುಕಿ. ಆಮೇಲೆ ಗಡಸಾಗಿ, "ತಿನ್ನಬ್ಯಾಡ. ನಾಲ್ಕು ಎಲಿ ಇಲ್ಲಿಗೆ ಕಳಸು, ನೋಡಿ ಹೇಳ್ತೇನಿ" ಎಂದರು.

ಎಲೆ ಧಾರವಾಡದ ಒಂದು ಲ್ಯಾಬಿಗೆ ಹೋಗಿ, ಉತ್ತರ ಬರಲು ಬಹಳ ದಿನ ಹಿಡಿಯಿತು. ಮೌಲಾಲಿ ದಿನಾ ಬರುವ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಕಾದ. "ಮುಂದ ಎಲಿ ಇಟ್ಕೊಂಡು ಹಂಗ ಕುಂತಿದ್ದೇನ್ರಿ ಸರ, ರೋಜಾ ಹಿಡದಂಗ," ಎಂದು ಆಮೇಲೆ ನನಗೆ ಹೇಳಿದ. "ಆದ್ರ ರೋಜಾ ಸಂಜಿಗೆ ಬಿಡ್ತೈತ್ರಿ. ಅಕ್ಕೋರದು ಬಿಡಲೇ ಇಲ್ಲ." ಕೊನೆಗೆ ಅಪ್ಪಣೆ ಬಂತು. ಅಂದು ಮೌಲಾಲಿಯ ಬಾಯಿ ಕೆಂಪಾದದ್ದನ್ನು ಓಣಿಯ ಜನ ಬಂದು ನೋಡಿ ಹೋದರಂತೆ.

ಮೊನ್ನೆ ಅಕ್ಕೋರು ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಆ ಹಣ್ಣುಗಳಷ್ಟೇ ಹಳೆಯ ಭಾಷಣಗಳು ಎಲ್ಲವೂ ಕ್ರಮವಾಗಿ ಬಂದವು. ಮೂರನೆಯ ಸಾಲಿನಲ್ಲಿ ಸವಣೂರಿನ ಮೂವರು ಕೂತಿದ್ದರು. ನೀಲವ್ವನ ತೊಡೆಯ ಮೇಲೆ ಬಿರಡೆ ಹಾಕಿದ ಒಂದು ಗಾಜಿನ ಬಾಟಲಿ, ಕೊಳವೆಯ ನೀರಿನದು, ಗುರುಶಾಂತಪ್ಪನ ಕೈಯಲ್ಲಿ ಬಾಳೆಪಟ್ಟೆಯಲ್ಲಿ ಕಟ್ಟಿದ ಎಲೆ. ಅಕ್ಕೋರು ಮಾತಾಡಬೇಕಾದ ಸರದಿ ಬಂದಾಗ ಮೈಕಿನ ಮುಂದೆ ನಿಂತು, "ನೀಲವ್ವ, ಮ್ಯಾಲ ಬಾ" ಎಂದರು. ಅವಳು ಬಂದಳು. ಅಕ್ಕೋರು ಚೀಲದಿಂದ ಕೊಳವೆಯ ಮುಚ್ಚಳದ ಬೀಗದ ಕೀಲಿ ತೆಗೆದು ಅವಳ ಕೈಗೆ ಕೊಟ್ಟರು. ಕಲ್ಲು ತೊಳೆದವಳಿಗೇ ಕೀಲಿ! ಸಭೆಗೆ ಏನೂ ತಿಳಿಯಲಿಲ್ಲ. ಮೌಲಾಲಿಗೆ ತಿಳಿಯಿತು, ಅವನು ಒಬ್ಬನೇ ಚಪ್ಪಾಳೆ ತಟ್ಟಿದ.

"ಇನ್ನ ಮ್ಯಾಲ ನೀ ಮೂಸಿ ಹೇಳಬೇಕು," ಎಂದರು ಅಕ್ಕೋರು. "ಹೇಳು ನೋಡೂಣು."

ನೀಲವ್ವ ಬಿರಡೆ ತೆಗೆದಳು. ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಕಣ್ಣು ಮುಚ್ಚಿದಳು. ಪ್ರಿನ್ಸಿಪಾಲರು ಗಡಿಯಾರ ನೋಡುವುದನ್ನು ನಿಲ್ಲಿಸಿದರು.

"ಇರ್ಲಿ ಬಿಡ್ರಿ," ಎಂದಳು.

ಅಕ್ಕೋರು ನಕ್ಕರು. ಆ ನಗೆ ಮೈಕಿನಲ್ಲಿ ಹಾನಗಲ್ಲಿನ ಬಸ್ ಸ್ಟ್ಯಾಂಡಿನ ತನಕ ಕೇಳಿಸಿರಬೇಕು.

ಸಭೆ ಮುಗಿದು ಸ್ಟಾಫ್ ರೂಮಿನಲ್ಲಿ ಕೂತಾಗ ಗುರುಶಾಂತಪ್ಪ ಎಲೆಯ ಕಟ್ಟು ಬಿಚ್ಚಿದ. ಅಕ್ಕೋರು ಎಲೆ ಹಾಕುವವರಲ್ಲ. ಅಂದು ಹಾಕುತ್ತೇನೆಂದರು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ತಾವೇ ಸುಣ್ಣ ಹಚ್ಚಿಕೊಂಡು ಬಾಯಿಗಿಟ್ಟರು. ಒಂದು ಕ್ಷಣ ಕಳೆಯಿತು. ಕಣ್ಣಲ್ಲಿ ನೀರು ಬಂತು. ಜನ್ಮವಿಡೀ ಹುಡುಗರಿಗೆ ಪ್ರಮಾಣ ಕಲಿಸಿದವರು ಸುಣ್ಣದ ಪ್ರಮಾಣ ತಪ್ಪಿದ್ದರು.

"ಬಾಯಿ ಸುಟ್ಟಿತ್ರಿ!" ಎಂದು ಮೌಲಾಲಿ ಕೂಗಿದ. ನೀಲವ್ವ ಹೊರಗೆ ಓಡಿ ಎಲ್ಲಿಂದಲೋ ಒಂದು ತಂಬಿಗೆ ನೀರು ತಂದಳು. ಅಕ್ಕೋರು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಭ್ಯಾಸದ ಬಲದಿಂದ ತಂಬಿಗೆ ಮೂಗಿನ ತನಕ ಬಂತು. ನಾವೆಲ್ಲ ತೀರ್ಪಿಗೆ ಕಾದೆವು.

ಮೂಸಲಿಲ್ಲ. ಗಟಗಟ ಕುಡಿದುಬಿಟ್ಟರು.